ಕೆಂಚವ್ವ ಬಿಟ್ಟ ಮಾತು

ಹೂಂ ಅನ್ನೋರು ಹತ್ರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಒಂದಾನೊಂದು ಕಾಲದಲ್ಲಿ, ಹೆಸರು ಹೇಳಿದ್ರೆ ಜಗಳಕ್ಕೆ ಬರೋ ಒಂದು ಸೀಮೆಯಲ್ಲಿ, ಒಂದು ಊರಿತ್ತು. ಆ ಊರಿಗೆ ದೊರೆ ಇರ್ಲಿಲ್ಲ. ಇದ್ದೊಬ್ಬನನ್ನ ಮುತ್ತಜ್ಜಂದಿರು ಓಡಿಸಿದ್ರು. ಆಮೇಲಿಂದ ಊರೋರೇ ಸೇರಿ ಒಬ್ಬ ಯಜಮಾನನ್ನ ಆರಿಸ್ಕೊಳ್ತಿದ್ರು.

ಅಲ್ಲೊಂದು ಪದ್ಧತಿ, ಕೇಳಿ. ವರ್ಷಕ್ಕೊಂದು ದಿನ ಊರೆಲ್ಲ ಬಸರಿ ಮರದ ಕಟ್ಟೆ ಮೇಲೆ ಕೂರೋದು, ಯಜಮಾನ ಮಾತ್ರ ಕೆಳಗೆ ಮಣ್ಣಲ್ಲಿ ಕೂರೋದು. ದನ ಕಾಯೋನೂ ಎದ್ದು "ಇದ್ಯಾಕೆ ಹಿಂಗೆ ಮಾಡ್ದೆ?" ಅಂತ ಕೇಳಬಹುದು. ಉತ್ತರ ಕೊಡದೆ ಯಜಮಾನ ಏಳೋ ಹಂಗಿಲ್ಲ. ಆಮೇಲೆ ಮನೆಗೊಂದು ಕಲ್ಲು ಮಡಕೆಗೆ. ಬಿಳೀದು ಹೆಚ್ಚಾದ್ರೆ ಅವನೇ ಇನ್ನೊಂದು ವರ್ಷ, ಕರೀದು ಹೆಚ್ಚಾದ್ರೆ ಅವನು ಮನೆಗೆ.

ಇದಕ್ಕೆಲ್ಲ ಮೊದಲು ಕೆಂಚವ್ವ ಹಳೇ ಮಾತು ಹೇಳಬೇಕು. ಊರು ಹೆಂಗೆ ಹುಟ್ತು, ದೊರೆ ಹೆಂಗೆ ಬಂದ, ಹೆಂಗೆ ಹೋದ, ಈ ಪದ್ಧತಿ ಯಾಕೆ ಬಂತು, ಕೆರೆ ಹೆಂಗೆ ಕಟ್ಟಿದ್ರು, ಎಲ್ಲ. ಅವಳಿಗೆ ಅವಳವ್ವ ಕಲಿಸಿದ್ದು. ಒಂದಕ್ಷರ ತಪ್ಪದಂಗೆ ಹೇಳೋಳು. ಪಕ್ಕದಲ್ಲಿ ತಮ್ಮ ತಿಪ್ಪಯ್ಯ ಕೂತು ಹೂಂ ಹೂಂ ಅನ್ನೋನು. ಆ ಊರಲ್ಲಿ ಅವಳಿಗಿದ್ದ ರಕ್ತಸಂಬಂಧ ಅವನೊಬ್ಬನೇ.

ಚೆಲುವಯ್ಯ ಯಜಮಾನನಾದ. ಒಳ್ಳೆಯೋನೇ ಕಣ್ರಪ್ಪ. ಕೆರೆ ಹೂಳೆತ್ತಿಸಿದ, ತೂಬು ಸರಿ ಮಾಡಿಸಿದ. ಒಂದು ವರ್ಷ ಅಂದ: "ಮಂಡಿ ನೋವು, ಕೆಳಗೆ ಕೂತ್ರೆ ಏಳಕ್ಕಾಗಲ್ಲ." ಅಯ್ಯೋ ಪಾಪ ಅಂದು ಊರೋರು ಕಟ್ಟೆ ಮೇಲೆ ಕೂರಿಸಿದ್ರು. ಆಗ ಅವನು, "ಕೆಂಚವ್ವಾ, ಯಜಮಾನ ಮಣ್ಣಲ್ಲಿ ಕೂರಬೇಕು ಅನ್ನೋ ಮಾತೊಂದು ಬಿಡವ್ವ, ನಾನು ಇಲ್ಲಿ ಕೂತಿರುವಾಗ ಚುಚ್ಚತ್ತೆ" ಅಂದ. ಅಷ್ಟೇ ತಾನೆ? ಕೆಂಚವ್ವ ಬಿಟ್ಟಳು.

ಒಂದೆರಡು ವರ್ಷ ಹೋಯ್ತು. "ಕೆಂಚವ್ವಾ, ನಮ್ಮ ಮುತ್ತಜ್ಜಂದಿರೇ ದೊರೆ ಪಲ್ಲಕ್ಕಿಗೆ ಹೆಗಲು ಕೊಟ್ರು, ಯಾರೂ ಹೊಡೆದು ಹೊರಿಸ್ಲಿಲ್ಲ ಅಂತೀಯಲ್ಲ, ಮಕ್ಕಳೆದುರಿಗೆ ಅದೆಲ್ಲ ಯಾಕವ್ವ?" ಅಂದ. ಊರೋರೂ ತಲೆ ಆಡಿಸಿದ್ರು. ಹಳೇ ನಾಚಿಕೆ ಯಾರಿಗೆ ಬೇಕು? ಕೆಂಚವ್ವ ಬಿಟ್ಟಳು. ಆ ವರ್ಷ ಮೊದಲನೇ ಸಲ ಜನ ಚಪ್ಪಾಳೆ ಹೊಡೆದ್ರು. ಅವಳಿಗೂ ಖುಷಿಯಾಯ್ತು, ಸುಳ್ಳ್ಯಾಕೆ ಹೇಳ್ಲಿ.

ಮತ್ತೆ ಒಂದೆರಡು ವರ್ಷ. "ಪ್ರಶ್ನೆ ಕೇಳ್ತಾ ಕೂತ್ರೆ ಹೊತ್ತು ಮುಳುಗತ್ತೆ. ಕೇಳೋರು ಮನೆಗೆ ಬಂದು ಕೇಳ್ಲಿ. ಎಲ್ಲರೂ ಬಿಳೀ ಕಲ್ಲೇ ಹಾಕ್ತೀರಿ, ಮಡಕೆ ಯಾಕೆ?" ಅಂದ. ಅದೂ ನ್ಯಾಯವಾಗೇ ಕಾಣ್ತು. ಪ್ರಶ್ನೆ, ಮಡಕೆ ಎರಡೂ ನಿಂತ್ವು, ಕೆಂಚವ್ವ ಆ ಮಾತನ್ನೂ ಬಿಟ್ಟಳು. ಒಂದೊಂದಾಗಿ ನೋಡಿದ್ರೆ ಅವನ ಯಾವ ಮಾತಲ್ಲೂ ತಪ್ಪಿರ್ಲಿಲ್ಲ. ಮೂರನ್ನೂ ಒಟ್ಟಿಗಿಟ್ಟು ನೋಡೋ ಶ್ರಮ ಯಾರೂ ತಗೊಳ್ಲಿಲ್ಲ.

ಹದಿನೈದು ಇಪ್ಪತ್ತು ವರ್ಷ ಕಳೀತು. ಒಂದು ಬೇಸಿಗೆ, ಚೆಲುವಯ್ಯ ಕೆರೆ ತೂಬನ್ನ ಅಳಿಯನ ಗದ್ದೆ ಕಡೆಗೆ ತಿರುಗಿಸಿದ. ಕೆಳಗಿನ ಬಯಲು ಒಣಗ್ತು. ಊರೆಲ್ಲ ಕಟ್ಟೆ ಮೇಲೆ ಸೇರಿದ ದಿನ ತಿಪ್ಪಯ್ಯ ಎದ್ದು ನಿಂತು ಕೇಳಿದ: "ತೂಬು ಯಾಕೆ ತಿರುಗಿಸಿದ್ರಿ ಯಜಮಾನ್ರೇ?"

ಚೆಲುವಯ್ಯ ಸಿಟ್ಟಾಗ್ಲಿಲ್ಲ. ಸಿಟ್ಟಾದೋರು ಹುಡುಗರು. ಹಿರಿಯರನ್ನ ಎಲ್ಲರೆದುರು ಹಿಂಗೆ ಕೇಳೋದಾ, ಇಂಥೋನು ಊರಲ್ಲಿ ಇರಬಾರದು ಅಂದ್ರು. ಸಂಜೆಯೊಳಗೆ ಊರು ಬಿಡಬೇಕು ಅಂತ ತೀರ್ಮಾನವೂ ಆಯ್ತು.

ಕೆಂಚವ್ವ ಕೋಲು ಊರಿ ಎದ್ದಳು. "ಯಾರಾದ್ರೂ ಕೇಳಬಹುದು ಕಣ್ರೋ. ನಮ್ಮೂರ ಪದ್ಧತೀನೇ ಅದು."

ಒಬ್ಬ ಹುಡುಗ ಅಂದ: "ಯಾವಾಗ ಹೇಳಿದ್ದೆ ಅಜ್ಜಿ? ಹುಟ್ಟಿದಾಗಿಂದ ನಿನ್ನ ಹಳೇ ಮಾತು ಕೇಳ್ತಿದೀನಿ. ಅದರಲ್ಲಿ ಇದಿಲ್ವಲ್ಲ." ಅವನು ಕುಹಕಕ್ಕೆ ಅನ್ಲಿಲ್ಲ, ನಿಜವಾಗ್ಲೂ ಅವನಿಗೆ ಗೊತ್ತಿರ್ಲಿಲ್ಲ. ಕೆಂಚವ್ವ ತನ್ನ ವಾರಿಗೆಯೋರ ಮುಖ ನೋಡಿದಳು. ಅವರಿಗೆಲ್ಲ ಗೊತ್ತಿತ್ತು. ನೆಲ ನೋಡ್ತಾ ಕೂತಿದ್ರು.

ಚೆಲುವಯ್ಯ ಮೆತ್ತಗೆ ಅಂದ: "ಆಗ್ಲಿ. ನಿಮ್ಮವ್ವ ಕಲಿಸಿದ ಹಂಗೇ ಹೇಳವ್ವ. ಆ ಮಾತು ಅದರಲ್ಲಿ ಬಂದ್ರೆ ತಿಪ್ಪಯ್ಯ ಇರ್ಲಿ."

ಕೆಂಚವ್ವ ಶುರು ಮಾಡಿದಳು. ಊರು ಹುಟ್ತು, ದೊರೆ ಬಂದ, ದೊರೆ ಹೋದ. ಅಲ್ಲಿಂದ ನಾಲಿಗೆ ನೆಟ್ಟಗೆ ಕೆರೆ ಕಟ್ಟಿದ ಕಥೆಗೆ ಹಾರ್ತು. ಇಪ್ಪತ್ತು ವರ್ಷ ಹಂಗೇ ಹಾರಿ ಹಾರಿ ರೂಢಿಯಾಗಿತ್ತು. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದಳು. ಊರು, ದೊರೆ, ಕೆರೆ. ಮೂರನೇ ಸಲ ಕಣ್ಣು ಮುಚ್ಚಿ, ಅವ್ವನ ಮುಖ ನೆನೆಸ್ಕೊಂಡು, ತಡೆದು ತಡೆದು ಹೇಳಿದಳು. ಊರು. ದೊರೆ. ಕೆರೆ. ನಡುವಿನ ಮಾತು ಇತ್ತು ಅಂತ ಗೊತ್ತು, ಹೆಂಗಿತ್ತು ಅನ್ನೋದು ಹೋಗಿಬಿಟ್ಟಿತ್ತು. ತಾನೇ ಬಿಟ್ಟದ್ದು, ಯಾರನ್ನ ಬೈಯೋದು? ಅಲ್ಲೇ ನಿಂತು ಅತ್ತಳು.

"ಬಿಡಕ್ಕಾ, ನೀರು ಕುಡಿ" ಅಂದ ತಿಪ್ಪಯ್ಯ. ಕಟ್ಟೆ ಇಳಿದ, ಹೆಂಡತಿ ಮಕ್ಕಳನ್ನ ಕರ್ಕೊಂಡು ಊರಾಚೆ ದಾರಿ ಹಿಡಿದ.

ಕೆಂಚವ್ವನ ಮಾತು ನಿಂತದ್ದು ನೋಡಿ, ಹಳೇ ಮಾತು ಮುಗೀತು ಅಂದ್ಕೊಂಡು, ಊರೋರು ಪ್ರತಿವರ್ಷದ ಹಂಗೇ ಚಪ್ಪಾಳೆ ಹೊಡೆದ್ರು.

ಹೇಳಿದೋನ ಗಂಟಲು ಒಣಗ್ತು, ಕೇಳಿದೋರ ಹೊಟ್ಟೆಗೆ ಕಲ್ಲು ಬಿತ್ತು. ನನ್ನ ಕಥೆ ನಿಮಗೆ, ನಿಮ್ಮ ನಿದ್ದೆ ನನಗೆ.