ನೆಲಗುಬ್ಬಿಗೆ ಬಿಟ್ಟ ಹುಲ್ಲು

ಅದಕ್ಕೇ ಹೇಳಿದ್ದು, ನನ್ನಷ್ಟು ಜಾಣೆ ಹೊಳೆಹೊನ್ನೂರು ಸೀಮೇಲೇ ಇರ್ಲಿಲ್ಲ ಅಂತ! ನಗ್ಬೇಡಿ ಮಕ್ಳೇ, ನಿಮ್ಮಜ್ಜಿ ಕತೆ ಕೇಳಿ. ಶಿವಮೊಗ್ಗ ಪೇಟೇಲಿ ಬೆಳೆದೋಳು ನಾನು, ಹುಲ್ಲು ಗಾಡೀಲಿ ಬರುತ್ತೆ ಅಂತ ಗೊತ್ತೇ ಹೊರ್ತು ಎಲ್ಲಿ ಬೆಳೆಯುತ್ತೆ ಅಂತ ಗೊತ್ತಿಲ್ಲ. ಮದ್ವೆಯಾಗಿ ಈ ಹಳ್ಳಿಗೆ ಬಂದ ವರ್ಷ ಊರ ಗೋಮಾಳದಲ್ಲಿ ನೆಲಗುಬ್ಬಿ ಅಂದ್ರೆ ನೆಲಗುಬ್ಬಿ, ಹಾಡ್ತಾ ಹಾಡ್ತಾ ಮೇಲಕ್ಕೆ ಹೋಗೋವು, ಪಟ್ ಅಂತ ಇಳಿಯೋವು. ಹುಲ್ಲು ಕೊಯ್ಯೋರು ಅದರ ಗೂಡು ಕಂಡ್ರೆ ಸುತ್ತ ಚಾಪೆಯಗಲ ಹುಲ್ಲು ಬಿಟ್ಟು, ತುದಿಗೆ ಗಂಟು ಹಾಕ್ಬೇಕು, ಬೇರೆಯೋರು ಮುಟ್ಟಬಾರ್ದು ಅಂತ. ಅದು ಪದ್ಧತಿ. ನಾನೂ ಹಕ್ಕಿ ಇಳಿದ ಕಡೆಯೆಲ್ಲಾ ಗಂಟು ಹಾಕಿದ್ದೇ ಹಾಕಿದ್ದು! ನಮ್ಮತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಏನ್ ಮಾರಾಯ್ತಿ, ಗೋಮಾಳಕ್ಕೆ ಜಡೆ ಹೆಣೀತಿದ್ದೀಯಾ? ಅದು ಕಳ್ಳ ಹಕ್ಕಿ ಕಣೇ, ಎಲ್ಲೋ ಇಳಿದು, ಹುಲ್ಲೊಳಗೆ ನಡ್ಕೊಂಡು ಗೂಡಿಗೆ ಹೋಗುತ್ತೆ" ಅಂದ್ರು.

ಆಮೇಲೆ ಯುದ್ಧ ಬಂತು ನೋಡಿ. ರೇಷನ್ ಅಕ್ಕಿ, ಅದ್ರಲ್ಲಿ ಹುಳ, ಕಲ್ಲು. ಹುಳ ಆದ್ರೂ ಬೇಯುತ್ತೆ, ಕಲ್ಲು ಬೇಯುತ್ತಾ? ನಿಮ್ಮಪ್ಪ ಆಗಿನ್ನೂ ಕೂಸು, "ಅಮ್ಮಾ, ಇನ್ನೊಂದ್ ತುತ್ತು" ಅಂತ ಅಳೋನು, ನನ್ ತಟ್ಟೇಲಿದ್ದಿದ್ದೂ ಅವನಿಗೇ ಹಾಕ್ತಿದ್ದೆ. ಭದ್ರಾವತಿಗೆ ಹುಲ್ಲು ಹೊತ್ತು ಗಾಡಿ ಎತ್ತಿಗೆ ಮಾರಿದ್ರೂ ಸಾಲ್ತಿರ್ಲಿಲ್ಲ. ಆಹಾರ ಬೆಳೀರಿ ಅಂತ ಸರ್ಕಾರದೋರು ಗೋಮಾಳನೇ ಉಳೋಕೆ ಕೊಟ್ರು. ವರ್ಷವರ್ಷ ಒಂದೊಂದು ತುಂಡು ರಾಗಿಹೊಲ ಆಯ್ತು, ವರ್ಷವರ್ಷ ಹಾಡು ಕಮ್ಮಿ ಆಯ್ತು. ನಾನೋ, ಕಿವೀಲಿ ಗುಗ್ಗೆ ಕೂತಿದೆ ಅಂತ ಬೆಚ್ಚಗಿನ ಎಣ್ಣೆ ಬಿಟ್ಕೊಂಡೆ!

ನಮ್ಮ ಪಾಲಿಗೆ ಬಂದದ್ದು ಕೊನೇ ತುಂಡು. ಅಲ್ಲಿ ಒಂದೇ ಜೋಡಿ ಹಕ್ಕಿ. ಈ ಸಲ ಮೋಸ ಹೋಗಲ್ಲ ಅಂತ ಬೋರಲು ಮಲಗಿ ಅದು ನಡೆಯೋ ದಾರೀನೇ ನೋಡಿದೆ. ನಿಮ್ಮಜ್ಜ ನೇಗಿಲು ಹಿಡ್ಕೊಂಡು, "ಎದ್ದೇಳೇ, ಎತ್ತು ನಿನ್ ಸೀರೆ ಮೇಯ್ತವೆ!" ಅಂತ ಕೂಗಾಟ. ಗೂಡು ಸಿಕ್ತು! ಗಂಟು ಹಾಕಿದೆ, ಅವರು ಸುತ್ತ ಉತ್ರು. ಮರಿ ಹಾರಿದ್ವು, ರಾಗಿ ಬಂತು, ನಿಮ್ಮಪ್ಪ ಹೊಟ್ಟೆತುಂಬ ಮುದ್ದೆ ತಿಂದ. ನಾನು ಇಲ್ದಿರೋ ಮೀಸೆ ತಿರುವ್ಕೊಂಡು ಊರೆಲ್ಲಾ ಓಡಾಡಿದೆ.

ಮಾರನೇ ವರ್ಷ ಆ ಚಾಪೆಯಗಲ ಹುಲ್ಲು ಹಾಗೇ ಇತ್ತು. ಹಕ್ಕಿ ಬರ್ಲೇ ಇಲ್ಲ. ದಿನಾ ಹೋಗಿ ನೋಡ್ದೆ, ಬದುವಿನ ಮೇಲೆ ಕೂತು ಅತ್ತೂಬಿಟ್ಟೆ. ಅತ್ತೆ ಈ ಸಲ ಆಡ್ಕೊಳ್ಲಿಲ್ಲ. "ಮಲಗೋಕೆ ಜಾಗ ಬಿಟ್ವಿ. ನಡೆಯೋಕೆ ಎಲ್ಲಿ ಬಿಟ್ವಿ?" ಅಂದ್ರು. ಉತ್ತಿದ್ದು ತಪ್ಪು ಅನ್ನಲ್ಲ, ಕೂಸು ಹಸಿದಿತ್ತು. ಆದ್ರೂ ಯಾರಿಗಾದ್ರೂ ಜಾಗ ಬಿಟ್ರೆ ಓಡಾಡೋಕೂ ಬಿಡ್ಬೇಕು ಕಣ್ರೋ. ಏಯ್, ಕಾಲು ಮಡಿಚ್ಕೋ, ತಂಗಿ ಗೋಡೆಗೆ ಅಂಟ್ಕೊಂಡು ಕೂತಿದ್ದಾಳೆ.