ಕುಂಗ್ ಫೂ ಗುರುವಿನ ದನಿ

ಗಂಟಲಿನ ಡಾಕ್ಟರ ಕೋಣೆಯ ಮುಂದೆ ಚೀಟಿ ಹಿಡಿದು ಕೂತಿದ್ದ ಟೀಚರಮ್ಮನಿಗೆ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ದನಿ ಮರಳುಕಾಗದ ಉಜ್ಜಿದಂತಿತ್ತು. ಅಕ್ಕ ಅವನ ತೋಳು ಬಿಟ್ಟಿರಲಿಲ್ಲ.

“ನಾಳೆ ಧ್ವನಿಪೆಟ್ಟಿಗೇನೇ ತೆಗೀತಾರಂತೆ, ಅಕ್ಕ.”

“ಸನ್ಯಾಸಿಗಳು ಹೊಡೆದಾಡೋ ಕುಂಗ್ ಫೂ ಸಿನಿಮಾಗಳಿಗೆಲ್ಲ ಡಬ್ಬಿಂಗಲ್ಲಿ ದನಿ ಕೊಟ್ಟೋನು ಕಣೋ ನೀನು. ಆ ಮುದಿ ಗುರು ಬಾಯಿಬಿಟ್ರೆ ಥಿಯೇಟರಲ್ಲಿ ಯಾರೂ ಪಿಟಿಕ್ ಅಂತಿರ್ಲಿಲ್ಲ.”

“ಎಲ್ಲಿ? ನನ್ನ ಮಾತು ಮುಗಿದ್ರೂ ಗುರು ತುಟಿ ಅಲ್ಲಾಡ್ತಾನೇ ಇರೋದು. ಜನ ಬಿದ್ದು ಬಿದ್ದು ನಗೋರು.”

“ನಾನು ನಗ್ಲಿಲ್ಲ.”

“ನಾಳೆಯಿಂದ ನಂದೂ ಅದೇ ಕತೆ. ತುಟಿ ಅಲ್ಲಾಡುತ್ತೆ, ಅಷ್ಟೇ.”

“ಡಾಕ್ಟ್ರು ಏನಂದ್ರು?”

“ಚಿಂತೆ ಬೇಡ, ಮನೆಯವರು ತುಟಿ ನೋಡ್ಕೊಂಡು ಅರ್ಥ ಮಾಡ್ಕೋತಾರೆ ಅಂದ್ರು. ಹ್ಞೂಂ ಅಂದು ಬಂದೆ.”

“ಮನೇಲಿರೋಳು ಕಣ್ಣಿಲ್ಲದ ನಾನೊಬ್ಬಳೇ ಅಂತ ಹೇಳ್ಬಾರ್ದಿತ್ತೇನೋ?”

“ಹೇಳಿದ್ರೆ ಅವರು ತಾನೇ ಏನು ಮಾಡ್ತಾರೆ, ಅಕ್ಕ?”

ವಾರ್ಡಿಗೆ ಸೇರಿಸಿಕೊಳ್ಳಲು ನರ್ಸ್ ಅವರ ನಂಬರು ಕೂಗಿದಳು. ಅಕ್ಕ ಬೆಂಚಿನ ಕೆಳಗೆ ತಡವಿ ಬಿಳಿ ಕೋಲು ಹುಡುಕಿಕೊಂಡಳು. ಟೀಚರಮ್ಮ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟಳು.

“ಸ್ವಲ್ಪ ಎಡಕ್ಕೆ ಬಾ ಅಕ್ಕ,” ಎಂದ ಅವನು. “ಹುಷಾರು, ಇಲ್ಲೊಂದು ಮೆಟ್ಟಿಲಿದೆ.”