ಮನೆಯ ರಕ್ತ ಹೊಸ್ತಿಲು ದಾಟಬಾರದು

ಒಂದೂರು. ಆ ಊರಲ್ಲಿ ಒಬ್ಬ ಸಾಹುಕಾರ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕತೆ ಕೇಳುವುದು ಬಿಟ್ಟು, ಅವನು ಯಾರಿರಬಹುದು ಎಂದು ಪಕ್ಕದವರ ಕಿವಿ ಕಚ್ಚುತ್ತೀರಿ. ಅವನ ಹತ್ತಿರ ಬೋರ್‌ವೆಲ್ ಕೊರೆಯುವ ಲಾರಿ ಎರಡಿದ್ದವು. ಅವನ ತಮ್ಮನ ಹತ್ತಿರ ಒಂದೇ. ಆದರೆ ತಮ್ಮ ಕೊರೆದಲ್ಲಿ ನೀರು ಬರುತ್ತಿತ್ತು, ಅಣ್ಣ ಕೊರೆದಲ್ಲಿ ಬರೀ ಧೂಳು. ನೋಡಿ, ಎರಡು ಲಾರಿ ಇದ್ದವನಿಗೆ ಒಂದು ಲಾರಿ ಇದ್ದವನ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ನಿಮ್ಮಲ್ಲಿ ಯಾರ ಹೊಟ್ಟೆ ತಣ್ಣಗಿದೆ?

ಅವನು ತಮ್ಮನನ್ನೇ ಕೇಳಬಹುದಿತ್ತು, ನೆಲ ನೋಡುವುದು ಹೇಗೆಂದು ತಮ್ಮ ಹೇಳಿಕೊಡುತ್ತಿದ್ದ. ಕೇಳಲಿಲ್ಲ. ಫೋನು ತೆರೆದ. ಫೋನಿನಲ್ಲಿ, ತಮ್ಮನ ನೀರು ಬತ್ತಿಸಿಕೊಡುತ್ತೇನೆ ಎನ್ನುವ ಒಬ್ಬ ಮಾಂತ್ರಿಕ ಸಿಕ್ಕ. ಹಿಂದಿನ ಕಾಲದ ಮಾಟಗಾರನಾದರೂ ಸುಡುಗಾಡಿಗೆ ಹೋಗುವಾಗ ಸ್ವಲ್ಪ ಹೆದರುತ್ತಿದ್ದ. ಇವನಿಗೆ ಆ ಕಷ್ಟವೂ ಇಲ್ಲ. ಫ್ಯಾನಿನ ಕೆಳಗೆ ಕೂತು ವೀಡಿಯೊ ಕಾಲ್‌ನಲ್ಲಿ ಮಂತ್ರ ಹೇಳುತ್ತಾನೆ, ಸಾಮಾನು ಕೊರಿಯರ್‌ನಲ್ಲಿ ಬರುತ್ತದೆ.

ಬಂತು. ಪೇಡೆಯ ಡಬ್ಬಿಯಲ್ಲಿ ಬಂತು, ಮೇಲೆ ಪೂಜಾ ಸಾಮಗ್ರಿ ಎಂಬ ಚೀಟಿ. ಒಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಎಲುಬು. ಹೆರಿಗೆಯಲ್ಲಿ ಸತ್ತ ಹೆಣ್ಣಿನ ಎಲುಬು. ಅದಕ್ಕೇ ಶಕ್ತಿ ಜಾಸ್ತಿ ಎಂದು ಮಾಂತ್ರಿಕ ಹೇಳಿದ್ದ. ಸಾಹುಕಾರ ಅದಕ್ಕೆ ಕೋಳಿಯ ರಕ್ತ ಬಳಿದ, ತನ್ನ ಹೆಬ್ಬೆರಳು ಚುಚ್ಚಿ ಆ ರಕ್ತವನ್ನೂ ಬಳಿದ, ತನ್ನ ಮನೆಯ ಹೊಸ್ತಿಲ ಕೆಳಗೆ ಹೂತು ಮೇಲೆ ಸಿಮೆಂಟು ಹಾಕಿದ. ಯಾರ ಮನೆಯ ಮಗಳ ಎಲುಬು ಅದು? ಅವನು ಕೇಳಲಿಲ್ಲ.

ಇದಕ್ಕೊಂದು ವ್ರತ. ನಲವತ್ತೊಂದು ದಿನ ಆ ಮನೆಯ ರಕ್ತದ ಒಂದು ಹನಿಯೂ ಹೊಸ್ತಿಲು ದಾಟಬಾರದು. ದಾಟಿದರೆ ತಮ್ಮನಿಗೆ ಮಾಡಿದ ಮಾಟ ತಿರುಗಿ ಇವನ ಮೇಲೇ ಬರುತ್ತದೆ. ಸಾಹುಕಾರ ಗಡ್ಡ ಬಿಟ್ಟ, ಕ್ಷೌರದ ಅಂಗಡಿಯಲ್ಲಿ ಬ್ಲೇಡು ತಾಗೀತು ಎಂದು. ಹೆಂಡತಿಯ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ ನಿಲ್ಲಿಸಿದ. ಈಳಿಗೆಯಲ್ಲಿ ಅವಳ ಬೆರಳು ಕೊಯ್ದರೆ ತೊಳೆದ ನೀರನ್ನೂ ಮೋರಿಗೆ ಬಿಡಲಿಲ್ಲ.

ಆ ದಿನಗಳಲ್ಲೇ ನಾನು ಅವನ ಮನೆಗೆ ಪಾದಪೂಜೆಗೆ ಹೋಗಿದ್ದೆ. ಹೌದು, ನಾನೇ. ಹೊಸ್ತಿಲಿಗೆ ಹೊಸ ಸಿಮೆಂಟು, ಮೂಲೆಯಲ್ಲಿ ಕೆಂಪು ಬಟ್ಟೆಯ ತುದಿ. ನೋಡಿದೆ, ತಿಳಿಯಿತು. ಅದನ್ನು ದಾಟಿ ಒಳಗೆ ಹೋಗಿ ಹೋಳಿಗೆ ಉಂಡು ಬಂದೆ. ಯಾಕೆ ಸುಮ್ಮನಿದ್ದೆ? ತಲೆ ಎತ್ತಿ ನೋಡಿ. ನಮ್ಮ ಮಠದ ಈ ಸಭಾಮಂಟಪದ ಚಾವಣಿ ಹಾಕಿಸಿಕೊಟ್ಟವನು ಯಾರು? ಈಗ ಊರಿನ ಹೆಸರು ಬೇಕಿಲ್ಲ ಅಲ್ಲವೇ. ಹಿಂದೆ ತಿರುಗಿ ಹುಡುಕಬೇಡಿ, ಅವನು ಇಲ್ಲಿಗೆ ಬಂದಿಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳ ಹೆಸರನ್ನು ಹೇಳುತ್ತೇನೆ, ಅವಳು ಯಾವ ತಪ್ಪೂ ಮಾಡಿದವಳಲ್ಲ. ಶಶಿಕಲಾ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ವ್ರತದ ಮೂವತ್ತಮೂರನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಕೂಸು ಚೆನ್ನಾಗಿತ್ತು, ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಓ ನೆಗೆಟಿವ್, ಸುಲಭಕ್ಕೆ ಸಿಗುವ ರಕ್ತವಲ್ಲ. ಇದ್ದ ಒಂದು ಬಾಟಲಿ ಹಾಕಿ ಆಗಿತ್ತು. ಡಾಕ್ಟರಮ್ಮ ಹೊರಗೆ ಓಡಿ ಬಂದರು.

"ನಿಮ್ಮ ಗುಂಪೂ ಇದ ಐತಂತಲ್ರೀ. ಲಗೂ ಬರ್ರಿ, ಒಂದು ಬಾಟಲಿ ಕೊಡ್ರಿ."

"ಇನ್ನೂ ಎಂಟು ದಿನ ಕೊಡಾಕ ಬರಂಗಿಲ್ರೀ," ಎಂದ ಸಾಹುಕಾರ. "ಹೊರಗಿಂದ ತರಸ್ರಿ. ಎಷ್ಟಾದ್ರೂ ಆಗಲಿ."

"ಎಂಟು ದಿನದ ಮಾತಲ್ರೀ ಇದು. ಅರ್ಧ ತಾಸಿಂದು."

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ಮಾಂತ್ರಿಕನಿಗೆ ಫೋನು ಹಚ್ಚಿದ. ಆಸ್ಪತ್ರೆಯ ನೆಲದ ಮೇಲೆ ಮಗಳ ರಕ್ತ ಹರಿಯಾಕತ್ತೈತಿ, ವ್ರತ ಕೆಟ್ಟಂಗಲ್ಲೇನು ಎಂದು ಕೇಳಿದ. ಕೇಳಿಸಿಕೊಂಡಿರಾ? ಮಗಳು ಉಳಿಯುತ್ತಾಳಾ ಎಂದಲ್ಲ, ವ್ರತ ಉಳಿಯುತ್ತದಾ ಎಂದು. ಮಾಂತ್ರಿಕ ಹೇಳಿದ: "ಲಗ್ನ ಮಾಡಿ ಕೊಟ್ಟ ಮಗಳು ಬ್ಯಾರೆ ಮನಿಯಾಕಿ. ಆಕಿ ರಕ್ತ ಹರಿದ್ರ ನಡೀತೈತಿ. ನಿಂದು ಮಾತ್ರ ಕೊಡಬ್ಯಾಡ." ಈ ಮಾತನ್ನು ಮಾಂತ್ರಿಕನೇ ಹುಟ್ಟಿಸಿದನೇ? ಇಲ್ಲ. ನೀವೂ ನಾನೂ ಮದುವೆ ಮನೆಗಳಲ್ಲಿ ಸಾವಿರ ಸಲ ಆಡಿದ ಮಾತು ಅದು.

ಒಳಗೆ ಶಶಿಕಲಾ ನರ್ಸನ್ನು ಕೇಳುತ್ತಿದ್ದಳಂತೆ, "ನಮ್ಮಪ್ಪ ಬಂದಾನೇನ್ರಿ?" ಬಂದಾರ, ಹೊರಗ ಕುಂತಾರ ಎಂದಳು ನರ್ಸು. "ಹಂಗಾದ್ರ ಆತು ಬಿಡ್ರಿ. ಅಪ್ಪಂದೂ ನಂದೂ ಒಂದ ರಕ್ತ." ಹೀಗೆ ಹೇಳಿ ಧೈರ್ಯವಾಗಿ ಕಣ್ಣು ಮುಚ್ಚಿ ಮಲಗಿದಳಂತೆ. ಈ ಮಾತು ಕೇಳಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಸುದ್ದಿ ತಿಳಿದು ತಮ್ಮ ಬಂದ. ಎಲ್ಲೋ ಹೊಲದಲ್ಲಿ ಕೊರೆಯುತ್ತಿದ್ದವನು ಮೈತುಂಬ ಕೆಸರಿನಲ್ಲೇ ಬಂದು, ಅಣ್ಣನ ಮುಖ ನೋಡದೆ ನೇರ ಮಂಚದ ಮೇಲೆ ಮಲಗಿ ತೋಳು ಚಾಚಿದ. ಅವನ ರಕ್ತವೂ ಅದೇ ಗುಂಪು. ಬಾಟಲಿ ತುಂಬಿ ಒಳಗೆ ಒಯ್ಯುವಷ್ಟರಲ್ಲಿ ಶಶಿಕಲಾ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಮಧ್ಯಾಹ್ನ ನಾನು ರುದ್ರಭೂಮಿಗೆ ಹೋದೆ. ಸಾಹುಕಾರ ಮಗಳ ಗುಣಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಬಡಿಗೆ ಇಟ್ಟುಕೊಂಡು ಕೂತಿದ್ದ. ಬಿಸಿಲಲ್ಲಿ ಯಾಕೆ ಕೂತಿದ್ದೀಯ ಎಂದೆ.

"ಬಾಣಂತಿ ಎಲುಬು ಅಂದ್ರ ಮಂದಿ ಬಿಡಂಗಿಲ್ರೀ ಅಜ್ಜಾರ," ಎಂದ. "ಕಿತ್ತು ಮಾರತಾರ. ನನಗ ಗೊತ್ತೈತಿ."

"ಹೊಸ್ತಿಲ ಕೆಳಗಿನದನ್ನು ತೆಗೆದೆಯಾ?"

"ಇಲ್ರಿ. ಈಗ ತಗದ್ರ ತಮ್ಮ ಗೆಲ್ತಾನ."

ತನ್ನ ಮಗಳ ಎಲುಬು ಕಾಯಲು ಬಡಿಗೆ ಹಿಡಿದು ಕೂತವನು ಇನ್ನೊಬ್ಬರ ಮಗಳ ಎಲುಬನ್ನು ಇವತ್ತಿಗೂ ತುಳಿದು ಓಡಾಡುತ್ತಿದ್ದಾನೆ. ಇಷ್ಟೇ ಕತೆ.

ಈಗ ಪಾಪ ಪಾಪ ಎಂದು ಲೊಚಗುಟ್ಟಬೇಡಿ. ಆ ಕೊರಿಯರ್ ಹುಡುಗ ಇಡೀ ಊರಿಗೆ ಒಂದೇ ಡಬ್ಬಿ ತಂದನೇ? ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ, ಟ್ರ್ಯಾಕ್ಟರಿನ ಸೀಟಿನ ಕೆಳಗೆ, ಸೊಸೆಯ ದಿಂಬಿನೊಳಗೆ ಏನೇನಿದೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಹೋಗಿ ತೆಗೆಯಿರಿ. ಹೆದರಿ ಕಾಲುವೆಗೆ ಎಸೆಯಬೇಡಿ, ಅದು ಮನುಷ್ಯರ ಮೈ. ರುದ್ರಭೂಮಿಗೆ ಒಯ್ದು, ಗುಣಿ ತೋಡಿ, ತಪ್ಪಾಯಿತು ತಾಯಿ ಎಂದು ಹೇಳಿ ಮಣ್ಣು ಕೊಡಿ. ನಿಮ್ಮ ರಕ್ತ ಯಾವ ಗುಂಪು ಎಂದು ಈ ವಾರವೇ ತಿಳಿದುಕೊಳ್ಳಿ, ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಕರೆದಾಗ ಹೋಗಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತು ಇನ್ನು ನಿಮ್ಮ ಬಾಯಲ್ಲಿ ಬರಬಾರದು. ಮಾತು ಬಿಟ್ಟ ಅಣ್ಣತಮ್ಮಂದಿರು ಇದ್ದರೆ ಇವತ್ತೇ ಹೋಗಿ ಅವರ ಮನೆಯ ನೀರು ಕುಡಿಯಿರಿ.

ನಾನೂ ಬಾಯಿ ಮುಚ್ಚಿಕೊಂಡಿದ್ದ ಪಾಪಿ. ನಾಳೆ ಬೆಳಿಗ್ಗೆ ಏಳಕ್ಕೆ ಹಾರೆ ಹಿಡಿದು ಅವನ ಮನೆಗೆ ಹೋಗುತ್ತೇನೆ. ಚಾವಣಿ ಬೇಕಾದರೆ ಬಿಚ್ಚಿಕೊಂಡು ಹೋಗಲಿ, ನಾವು ಬಿಸಿಲಲ್ಲಿ ಕೂತು ಪ್ರವಚನ ಕೇಳೋಣ. ಬರುವವರು ಬನ್ನಿ. ಆದರೆ ಬರುವ ಮೊದಲು ನಿಮ್ಮ ನಿಮ್ಮ ಹೊಸ್ತಿಲು ಅಗೆದು ಬನ್ನಿ.